ನಾಣ್ಯದ ಫೋಟೊ ಒಂದನ್ನು ದೊಡ್ಡದಾಗಿ ಹಾಕಿ

ಸಂಪಾದಕರಿಗೆ ನಮಸ್ಕಾರ.

ಕಳೆದ ಗುರುವಾರ ಸಂಜೆ ಬಿ.ಪಿ. ಮಾತ್ರೆ ತರಲು ನಮ್ಮ ಬಡಾವಣೆಯ ಒಂದು ಔಷಧಿ ಅಂಗಡಿಗೆ ಹೋಗಿದ್ದೆ. ಬಿಲ್ಲು 130 ರೂಪಾಯಿ. ನೂರರದೊಂದು ನೋಟು, ಇಪ್ಪತ್ತರದೊಂದು ನೋಟು, ಮೇಲೆ ಹತ್ತರ ನಾಣ್ಯ ಇಟ್ಟೆ. ಕೌಂಟರಿನ ಹುಡುಗ ನೋಟು ಎರಡನ್ನೂ ಗಲ್ಲಾಕ್ಕೆ ಹಾಕಿಕೊಂಡು ನಾಣ್ಯವನ್ನು ಮಾತ್ರ ಗಾಜಿನ ಮೇಲೆ ನನ್ನ ಕಡೆಗೇ ಜಾರಿಸಿದ.

"ಅಜ್ಜಾ, ಇದು ನಡೆಯಂಗಿಲ್ಲ. ಬ್ಯಾರೆ ಚಿತ್ರ ಐತಿ. ಡುಪ್ಲಿಕೇಟು."

ಚಿತ್ರ ಬೇರೆ ಇತ್ತು, ನಿಜ. ಅದು ಡಾ. ಬಿ.ಆರ್. ಅಂಬೇಡ್ಕರ್ ಅವರ 125ನೇ ಜನ್ಮ ವರ್ಷದ ನಾಣ್ಯ. 2015ರ ಡಿಸೆಂಬರ್ 6ರಂದು ಪ್ರಧಾನಿಯವರೇ ದೆಹಲಿಯಲ್ಲಿ ಬಿಡುಗಡೆ ಮಾಡಿದ್ದು. ಹುಡುಗನಿಗೆ ಹಾಗಂತ ಹೇಳಿದೆ. ಅವನು ಮೊಬೈಲ್ ತೆಗೆದು ಯಾರೋ ಕಳಿಸಿದ ವಿಡಿಯೊ ತೋರಿಸಿದ. ಅದರಲ್ಲಿ ಒಬ್ಬಾತ ಹತ್ತರ ನಾಣ್ಯದ ಮೇಲಿನ ಗೆರೆಗಳನ್ನು ಎಣಿಸಿ, ಹತ್ತು ಗೆರೆ ಇದ್ದರೆ ಅಸಲಿ, ಹದಿನೈದು ಇದ್ದರೆ ನಕಲಿ ಅನ್ನುತ್ತಿದ್ದ. ನನ್ನ ಹಿಂದೆ ನಾಲ್ಕು ಜನ ನಿಂತಿದ್ದರು. ಮನೆಯ ಕೀಲಿ ಗೊಂಚಲಿನ ಜೊತೆ ಮಡಚಿಟ್ಟಿದ್ದ ಹತ್ತರ ನೋಟು ಕೊಟ್ಟು ಮಾತ್ರೆ ತಂದೆ. ನಾಣ್ಯ ಜೇಬಿಗೆ ವಾಪಸ್ ಬಂತು. ಆದರೆ ಮನಸ್ಸಿಗೆ ಸಮಾಧಾನ ಆಗಲಿಲ್ಲ. ಅದಕ್ಕೇ ಈ ಪತ್ರ.

ನಾನು ಯಾರು ಅಂತ ಹೇಳಿಬಿಡುತ್ತೇನೆ. 1983ರಿಂದ 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆಗಿ ಬಸ್ಸು ನಿಲ್ಲುವವರೆಗೆ ದಾವಣಗೆರೆ–ಚಿತ್ರದುರ್ಗ, ಆಮೇಲೆ ದಾವಣಗೆರೆ–ಜಗಳೂರು ಲೈನಿನಲ್ಲಿ ಖಾಸಗಿ ಬಸ್ಸಿನ ಕಂಡಕ್ಟರ್ ಆಗಿದ್ದವನು. ಮೂವತ್ತೇಳು ವರ್ಷ ಹೆಗಲಿಗೆ ಚರ್ಮದ ಚೀಲ. ನೋಟಿನ ಲೆಕ್ಕ ಯಾರು ಬೇಕಾದರೂ ಮಾಡುತ್ತಾರೆ, ಕಂಡಕ್ಟರಿಕೆ ಅಂದರೆ ಚಿಲ್ಲರೆ. ಆನಗೋಡಿನಲ್ಲಿ ಹತ್ತಿದವರಿಗೆ ಭರಮಸಾಗರ ಬರುವುದರೊಳಗೆ ಚಿಲ್ಲರೆ ಹೊಂದಿಸಿ ಕೊಡದಿದ್ದರೆ ಇಳಿಯುವಾಗ ಜಗಳ. ಕೊಡಲು ಇಲ್ಲದಿದ್ದರೆ ಟಿಕೆಟ್ಟಿನ ಬೆನ್ನಿಗೆ ಬರೆದು ಕೊಡುವುದು. ಬರೆದದ್ದನ್ನು ನಾನೂ ಮರೆಯುವುದು, ಅವರೂ ಮರೆತು ಇಳಿದು ಹೋಗುವುದು, ಮಾರನೆಯ ದಿನ ಅದೇ ಟಿಕೆಟ್ ಹಿಡಿದು ಬಂದು ದಬಾಯಿಸುವುದು. ಚಿಲ್ಲರೆ ತೀರಾ ಬಿಗಿಯಾದ ಕಾಲದಲ್ಲಿ ನೂರರ ನೋಟು ಕೊಟ್ಟು 95 ರೂಪಾಯಿಯ ನಾಣ್ಯ ತಂದದ್ದೂ ಉಂಟು. ಆ ಐದು ರೂಪಾಯಿ ನನ್ನ ಬತ್ತಾದಿಂದಲೇ ಹೋಗುತ್ತಿತ್ತು.

ಹಾಗಾಗಿ ದೇಶದಲ್ಲಿ ಯಾವ ಹೊಸ ನಾಣ್ಯ ಬಂದರೂ ಪುಸ್ತಕ ಓದಿ ಗೊತ್ತಾಗುವ ಮೊದಲೇ ನನ್ನ ಬೆರಳಿಗೆ ಗೊತ್ತಾಗುತ್ತಿತ್ತು. ರಾತ್ರಿ ಸಾಹುಕಾರರಿಗೆ ಕಲೆಕ್ಷನ್ ಒಪ್ಪಿಸುವ ಮೊದಲು ವಿಶೇಷ ಚಿತ್ರದ ನಾಣ್ಯ ಕಂಡರೆ ನನ್ನ ಜೇಬಿನ ಮಾಮೂಲಿ ನಾಣ್ಯ ಹಾಕಿ ಅದನ್ನು ತೆಗೆದುಕೊಳ್ಳುತ್ತಿದ್ದೆ. ಒಂದು ಬಿಸ್ಕತ್ತಿನ ತಗಡಿನ ಡಬ್ಬಿ ತುಂಬಿದೆ. ಇದು ಸಂಗ್ರಹ ಅಂತ ಹೇಳಿಕೊಳ್ಳುವಂಥದ್ದಲ್ಲ. ಸಂಗ್ರಹ ಮಾಡುವವರು ಟಂಕಸಾಲೆಯಿಂದ ಪೆಟ್ಟಿಗೆ ಸಮೇತ ತರಿಸುತ್ತಾರೆ. ಬೆಳ್ಳಿ ಬೆರೆಸಿದ 100 ರೂಪಾಯಿ, 1000 ರೂಪಾಯಿ ನಾಣ್ಯಗಳು, 2023ರಲ್ಲಿ ಹೊಸ ಸಂಸತ್ ಭವನಕ್ಕೆ ಬಂದ 75 ರೂಪಾಯಿಯದು, ಇವೆಲ್ಲ ಅಂಥವರಿಗೆ. ಬಸ್ಸಿನ ಚೀಲಕ್ಕೆ ಅವು ಬೀಳುವುದಿಲ್ಲ. ನನ್ನ ಡಬ್ಬಿಯಲ್ಲಿರುವುದು ತರಕಾರಿ ಮಾರುವವರ, ಗಾರೆ ಕೆಲಸದವರ, ಕಾಲೇಜು ಹುಡುಗರ ಕೈಯಲ್ಲಿ ಸವೆದು ಬಂದವು.

ನನಗೆ ಈ ಹುಚ್ಚು ಹತ್ತಿದ್ದು ಅವ್ವನಿಂದ. 1969ರಲ್ಲಿ ಗಾಂಧೀಜಿಯವರ ಶತಮಾನೋತ್ಸವಕ್ಕೆ ಹಳದಿ ಬಣ್ಣದ 20 ಪೈಸೆ ಬಂತು. ಅದೇ ಹೊತ್ತಿನಲ್ಲಿ ಕಮಲದ ಚಿತ್ರದ 20 ಪೈಸೆಯೂ ಇತ್ತು. ಅದರಲ್ಲಿ ಬಂಗಾರ ಬೆರೆತಿದೆ ಅಂತ ನಮ್ಮ ಓಣಿಯ ಹೆಂಗಸರ ನಂಬಿಕೆ. ಅವ್ವ ಕಮಲದ್ದನ್ನು ಲಕ್ಷ್ಮಿ ಪೂಜೆಗೆ ಅಂತ ಕೂಡಿಟ್ಟಳು, ಗಾಂಧಿಯದನ್ನು ನನಗೆ ಮಿಠಾಯಿಗೆ ಕೊಟ್ಟಳು. ಅಂಗಡಿಯವನು ಏನೂ ಕೇಳದೆ ತೆಗೆದುಕೊಂಡ. ಮುಖ ಗುರುತಿತ್ತಲ್ಲ.

ಈಗಿನ ಹುಡುಗರು ಚಿತ್ರ ಬೇರೆ ಇದ್ದರೆ ನಕಲಿ ಅನ್ನುತ್ತಾರೆ. ಆದರೆ ನಮ್ಮಲ್ಲಿ 5 ರೂಪಾಯಿ ನಾಣ್ಯ ಅಂತ ಚಲಾವಣೆಗೆ ಬಂದದ್ದೇ ಸ್ಮರಣಾರ್ಥ ನಾಣ್ಯವಾಗಿ. 1985ರ ಇಂದಿರಾ ಗಾಂಧಿಯವರದು. ಹನ್ನೆರಡೂವರೆ ಗ್ರಾಂ ತೂಕ. ನಾಲ್ಕು ಹಾಕಿಕೊಂಡರೆ ಅಂಗಿಯ ಜೇಬು ಜಗ್ಗುತ್ತಿತ್ತು. 2 ರೂಪಾಯಿ ನಾಣ್ಯ ಬಂದದ್ದು 1982ರಲ್ಲಿ, ಏಷ್ಯನ್ ಗೇಮ್ಸ್ ಮತ್ತು ರಾಷ್ಟ್ರೀಯ ಏಕತೆಯ ಹೆಸರಿನಲ್ಲಿ. ನಾನು ಕೆಲಸಕ್ಕೆ ಸೇರಿದಾಗ ಏಷ್ಯನ್ ಗೇಮ್ಸಿನ 25 ಪೈಸೆ ಚೀಲದಲ್ಲಿ ಬೇಕಾದಷ್ಟು. ಅದು ಡುಪ್ಲಿಕೇಟು ಅಂತ ಒಬ್ಬರೂ ಅನ್ನಲಿಲ್ಲ. 2011ರ ಜೂನ್ 30ಕ್ಕೆ 25 ಪೈಸೆ ಮತ್ತು ಅದರ ಕೆಳಗಿನ ನಾಣ್ಯಗಳೇ ನಿಂತು ಹೋದವು. ನನ್ನಲ್ಲಿ ಮೂರು ಉಳಿದಿವೆ.

ನನ್ನ ಮೆಚ್ಚಿನದು ಬೇರೆ. 1988ರಲ್ಲಿ ಒಂದು ರೂಪಾಯಿಯ ನಾಣ್ಯ ಬಂತು, ಮಳೆಯಾಶ್ರಿತ ಬೇಸಾಯದ ಹೆಸರಿನಲ್ಲಿ. ಅದರ ಹಿಂದಿನ ವರ್ಷ ಸಣ್ಣ ರೈತರ ಹೆಸರಿನದು ಬಂದಿತ್ತು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಆಶಯಕ್ಕೆ ತಕ್ಕಂತೆ ಹಾಗೆ ವರ್ಷಕ್ಕೊಂದು ಬರುತ್ತಿದ್ದ ಕಾಲ. ಜಗಳೂರು ಕಡೆಯ ರೈತರೊಬ್ಬರು ಚಿಲ್ಲರೆ ತೆಗೆದುಕೊಂಡು, ತಿರುಗಿಸಿ ನೋಡಿ, "ಏನ್ ಬರ್ದಾರ ಇದ್ರಾಗ?" ಅಂದರು. ಓದಿ ಅರ್ಥ ಹೇಳಿದೆ. ಅವರು ಬಸ್ಸಿನ ಕಿಟಕಿಯಿಂದ ಹೊರಗೆ ಒಣಗಿ ನಿಂತ ಜೋಳ ನೋಡಿದರು, ನಾಣ್ಯ ನೋಡಿದರು. "ಮಳಿ ಬಂದ್ರಲ್ಲೇನಪಾ ಮಳಿ ಬೇಸಾಯ! ತಗಾ, ಬ್ಯಾರೇದು ಕೊಡು, ಇದು ನಮ್ಮ ಹೊಲದಂಗೇ ಐತಿ." ಬಸ್ಸೆಲ್ಲ ನಕ್ಕಿತು. ಬೇರೆ ಕೊಟ್ಟೆ. ಅವತ್ತಿನ ನಾಣ್ಯ ಡಬ್ಬಿಯಲ್ಲಿದೆ. ಆ ರೈತರೂ ನಾಣ್ಯ ಬೇಡ ಅಂದರು, ಔಷಧಿ ಅಂಗಡಿಯ ಹುಡುಗನೂ ಬೇಡ ಅಂದ. ಅವರು ಬೇಡ ಅಂದದ್ದು ಏನು ಬರೆದಿದೆ ಅಂತ ತಿಳಿದ ಮೇಲೆ.

2003ರಲ್ಲಿ ರೈಲ್ವೆಗೆ ನೂರೈವತ್ತು ವರ್ಷ ಅಂತ ಬಂದ 2 ರೂಪಾಯಿಯಲ್ಲಿ ಲಾಟೀನು ಹಿಡಿದ ಪುಟ್ಟ ಆನೆ ಇದೆ, ಭೋಲು ಅಂತ ಅದರ ಹೆಸರು. ಅಶೋಕ ಟಾಕೀಸಿನ ರೈಲ್ವೆ ಗೇಟಿನಲ್ಲಿ ನನ್ನ ಜೀವನದ ಎಷ್ಟು ತಾಸು ಕಳೆದಿದೆಯೋ ಲೆಕ್ಕವಿಲ್ಲ. ಅಂಥ ಒಂದು ದಿನ ಗೇಟು ಹಾಕಿ ನಿಂತಾಗಲೇ ಆ ಆನೆ ನನ್ನ ಕೈಗೆ ಬಂತು. ಡ್ರೈವರ್ ಅಣ್ಣನಿಗೆ ತೋರಿಸಿದರೆ, "ಗೇಟು ತೆಗೀಲಿಕ್ಕೆ ಅದನ್ನೇ ಕಳಿಸಲೇ" ಅಂದ.

2009ರಲ್ಲಿ ಲೂಯಿ ಬ್ರೈಲ್ ಹುಟ್ಟಿ ಇನ್ನೂರು ವರ್ಷ ಅಂತ 2 ರೂಪಾಯಿ ಬಂತು. ಅಂಧರಿಗೆ ಓದು ಕೊಟ್ಟ ಪುಣ್ಯಾತ್ಮನ ನಾಣ್ಯ. ನಮ್ಮ ಬಸ್ಸಿನಲ್ಲಿ ವಾರಕ್ಕೆರಡು ಸಲ ಬರುತ್ತಿದ್ದ ಕಣ್ಣು ಕಾಣದ ಹಾಡುಗಾರರೊಬ್ಬರು ಹಳೆಯ ಎರಡು ರೂಪಾಯಿಯನ್ನು ಅದರ ಹನ್ನೊಂದು ಮೂಲೆ ಸವರಿ ಕ್ಷಣದಲ್ಲಿ ಗುರುತಿಸುತ್ತಿದ್ದರು. ಬ್ರೈಲ್ ಹೆಸರಿನದು ಬಂದದ್ದು ದುಂಡಗಿನ ಉಕ್ಕಿನಲ್ಲಿ. ಒಂದು ರೂಪಾಯಿಗೂ ಅದಕ್ಕೂ ಗಾತ್ರದಲ್ಲಿ ವ್ಯತ್ಯಾಸ ಅಷ್ಟಕ್ಕಷ್ಟೇ. ಅವರು ಎರಡನ್ನೂ ಒತ್ತಿ ಒತ್ತಿ ನೋಡಿ, "ಇದು ಯಾವುದಣ್ಣಾ?" ಅಂತ ನನ್ನನ್ನೇ ಕೇಳಿದರು. ಯಾರ ಹೆಸರಿನ ನಾಣ್ಯ ಅಂತ ಹೇಳಲು ನನಗೆ ಬಾಯಿ ಬರಲಿಲ್ಲ.

ಇನ್ನು ಬಸವಣ್ಣನವರದು. 2006ರ 5 ರೂಪಾಯಿ, ಮಹಾತ್ಮ ಬಸವೇಶ್ವರ. ಹಳೆಯ ದಪ್ಪ ಐದರ ಹಾಗೆ ತೂಕದ್ದು. ನಮ್ಮ ಲೈನಿನಲ್ಲಿ ಇದು ಬಂದ ಹೊಸತರಲ್ಲಿ ಆದ ಫಜೀತಿ ಅಷ್ಟಿಷ್ಟಲ್ಲ. ಭರಮಸಾಗರದಿಂದ ದುರ್ಗಕ್ಕೆ ಹೂವಿನ ಬುಟ್ಟಿ ಇಟ್ಟುಕೊಂಡು ಬರುತ್ತಿದ್ದ ಅಮ್ಮನಿಗೆ ಚಿಲ್ಲರೆಯಾಗಿ ಕೊಟ್ಟೆ. ಆಕೆ ಮುಖ ನೋಡಿ ಕಣ್ಣಿಗೆ ಒತ್ತಿಕೊಂಡು ಸೆರಗಿನ ತುದಿಗೆ ಗಂಟು ಹಾಕಿದರು. ಮಾರನೆಯ ದಿನ ಇನ್ನೊಂದು ಐದು ರೂಪಾಯಿ ತಂದು, "ನಿನ್ನೆ ಕೊಟ್ಯಲ್ಲ, ಅಂಥದ್ದು ಇನ್ನೊಂದು ಕೊಡಪಾ, ಮಗಳಿಗೆ" ಅಂದರು. ಇನ್ನೊಬ್ಬರು ಹಿರಿಯರು ಅದನ್ನು ಮುಟ್ಟಲೇ ಇಲ್ಲ. "ಬಸವಣ್ಣನ್ನ ಬಸ್ ಚಾರ್ಜಿಗೆ ಹಾಕ್ತೀರೇನ್ರೀ?" ಅಂತ ನನ್ನನ್ನೇ ತರಾಟೆಗೆ ತೆಗೆದುಕೊಂಡರು. ನಾನೇನು ಟಂಕಸಾಲೆ ಇಟ್ಟಿದ್ದೆನೆ?

ಈ ನಾಣ್ಯದಿಂದಲೇ ನನಗೊಂದು ಏಟೂ ಬಿತ್ತು. ಕಂಡಕ್ಟರನ ಅಂಗಿಯ ಜೇಬಿನಲ್ಲಿ ಡ್ಯೂಟಿ ಹೊತ್ತಿನಲ್ಲಿ ದುಡ್ಡು ಇರಬಾರದು. ನಾನು ಸ್ವಂತದ ಐದು ಚೀಲಕ್ಕೆ ಹಾಕಿ ಬಸವಣ್ಣನವರನ್ನು ಜೇಬಿಗೆ ಇಟ್ಟುಕೊಂಡಿದ್ದೆ. ರಾತ್ರಿಯವರೆಗೆ ಕಾಯುವ ತಾಳ್ಮೆ ಆಗಲಿಲ್ಲ. ಹೆಬ್ಬಾಳಿನ ಹತ್ತಿರ ಚೆಕ್ಕಿಂಗ್‌ನವರು ಹತ್ತಿದರು. ಟ್ರಿಪ್ ಶೀಟು, ಟಿಕೆಟ್ಟು, ಚೀಲ ಎಲ್ಲ ಸರಿ, ಜೇಬಿನಲ್ಲಿ ಐದು ರೂಪಾಯಿ. ವಿವರಿಸಿದೆ. "ಎಲ್ಲ ಕಂಡಕ್ಟರ್‌ಗಳೂ ಬಸವಣ್ಣನ ಹೆಸರೇ ಹೇಳ್ತಾರೆ" ಅಂದರು. ಒಂದು ದಿನದ ಬತ್ತಾ ಹೋಯಿತು. ಸಾಹುಕಾರರು ಒಳ್ಳೆಯವರು, ಮುಂದಿನ ವಾರ ಕರೆದು ನಾಣ್ಯ ನೋಡಿದರು. ಬತ್ತಾ ಮಾತ್ರ ವಾಪಸ್ ಕೊಡಲಿಲ್ಲ.

ಆ ನಾಣ್ಯದ ಬಗ್ಗೆ ನನಗೆ ಇವತ್ತಿಗೂ ಒಂದು ಕೊರಗಿದೆ. ಹೆಸರು ಹಿಂದಿಯಲ್ಲಿದೆ, ಇಂಗ್ಲಿಷಿನಲ್ಲಿದೆ. ನೋಟಿನ ಹಿಂಬದಿಯ ಹದಿನೈದು ಭಾಷೆಗಳ ಪಟ್ಟಿಯಲ್ಲಾದರೂ ಕನ್ನಡ ಸಿಗುತ್ತದೆ. ಬಸವಣ್ಣನವರ ನಾಣ್ಯದಲ್ಲಿ ಒಂದೇ ಒಂದು ಕನ್ನಡ ಅಕ್ಷರವಿಲ್ಲ. ಹೂವಿನ ಅಮ್ಮ ಮುಖ ಕಂಡು ಗುರುತಿಸಿದರೇ ಹೊರತು ಓದಿ ಅಲ್ಲ. ಇರಲಿ, ಅದು ಬೇರೆ ಪತ್ರಕ್ಕೆ ಆಗುವಷ್ಟಿದೆ.

ಜಾತ್ರೆಯ ಮಾತು ಹೇಳದಿದ್ದರೆ ಚಿಲ್ಲರೆಯ ಕತೆ ಅರ್ಧ. ದುಗ್ಗಮ್ಮನ ಜಾತ್ರೆ ಮುಗಿದ ಮೇಲೆ, ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ತೇರು ಮುಗಿದ ಮೇಲೆ ಕೆಲವು ದಿನ ನಮ್ಮ ಲೈನಿನಲ್ಲಿ ಚಿಲ್ಲರೆಗೆ ಬರವಿರುತ್ತಿರಲಿಲ್ಲ. ಚೀಲದೊಳಗೆ ಕೈ ಹಾಕಿದರೆ ಬೆರಳಿಗೆ ಅರಿಶಿನ ಕುಂಕುಮ ಅಂಟುತ್ತಿತ್ತು. 2012ರ ವೈಷ್ಣೋದೇವಿಯ ಐದು ಮತ್ತು ಹತ್ತು ರೂಪಾಯಿ ನಾಣ್ಯಗಳನ್ನು ಜನ ದೇವರ ಕೋಣೆಯಲ್ಲಿಟ್ಟು, ಹಬ್ಬಕ್ಕೆ ಹುಂಡಿಗೆ ಹಾಕುತ್ತಿದ್ದರು. ಹುಂಡಿಯಿಂದ ಎಣಿಕೆ, ಎಣಿಕೆಯಿಂದ ಬ್ಯಾಂಕು ಇಲ್ಲವೇ ಅಂಗಡಿ, ಅಲ್ಲಿಂದ ನನ್ನ ಚೀಲ, ಚೀಲದಿಂದ ಮತ್ತೊಬ್ಬರ ದೇವರ ಕೋಣೆ.

ಈಗ ಅದೇ ವೈಷ್ಣೋದೇವಿ ನಾಣ್ಯದ ಇನ್ನೊಂದು ಕತೆ. ನಮ್ಮ ಪಕ್ಕದ ಓಣಿಯಲ್ಲಿ ಬಟ್ಟೆ ಹೊಲಿಯುವ ತಂಗಿಯೊಬ್ಬಳಿದ್ದಾಳೆ. ಆ ಐದು ರೂಪಾಯಿಗೆ ಹತ್ತು ಲಕ್ಷ ಕೊಡುತ್ತೇವೆ ಅಂತ ಮೊಬೈಲಿನಲ್ಲಿ ನೋಡಿದಳು. ಫೋನ್ ಮಾಡಿದರೆ ಬಹಳ ಮರ್ಯಾದೆಯ ದನಿ. ಮೊದಲು ನೋಂದಣಿಗೆ 1,550 ರೂಪಾಯಿ. ಆಮೇಲೆ ತೆರಿಗೆ ಅಂತ 6,000. ರಿಸರ್ವ್ ಬ್ಯಾಂಕಿನ ಮುದ್ರೆ ಇರುವ ಕಾಗದವನ್ನೂ ಕಳಿಸಿದ್ದರು. ಮೂರನೆಯ ಸಲ ಕೇಳಿದಾಗ ನನ್ನ ಹತ್ತಿರ ಬಂದಳು, "ಅಣ್ಣಾ, ನಿಮಗೆ ನಾಣ್ಯದ ವಿಷಯ ಗೊತ್ತಲ್ಲ" ಅಂತ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿ ದೂರು ಕೊಡಿಸಿದೆ. ದುಡ್ಡು ಬಂದಿಲ್ಲ. ಹಳೆಯ ನಾಣ್ಯ ನೋಟುಗಳ ವ್ಯವಹಾರಕ್ಕೆ ತಾನು ಯಾವ ಶುಲ್ಕವನ್ನೂ ಕೇಳುವುದಿಲ್ಲ, ಯಾರಿಗೂ ಆ ಅಧಿಕಾರ ಕೊಟ್ಟಿಲ್ಲ ಅಂತ ರಿಸರ್ವ್ ಬ್ಯಾಂಕ್ 2021ರ ಆಗಸ್ಟಿನಲ್ಲೇ ಎಚ್ಚರಿಸಿತ್ತು. ಆ ಮಾತು ಅವಳ ಕಿವಿಗೆ ಬಿದ್ದಿರಲಿಲ್ಲ, ಹತ್ತು ಲಕ್ಷದ್ದು ಮಾತ್ರ ಬಿದ್ದಿತ್ತು.

ನೋಡಿ, ಒಂದು ಓಣಿಯಲ್ಲಿ ಐದು ರೂಪಾಯಿಗೆ ಹತ್ತು ಲಕ್ಷ, ಮುಂದಿನ ಓಣಿಯ ಅಂಗಡಿಯಲ್ಲಿ ಹತ್ತು ರೂಪಾಯಿಗೆ ಸೊನ್ನೆ. ಐದಕ್ಕೆ ಐದು, ಹತ್ತಕ್ಕೆ ಹತ್ತು ಅನ್ನುವವರೇ ಸಿಗುವುದಿಲ್ಲ.

ಹತ್ತರ ನಾಣ್ಯದ ಗೊಂದಲ 2016ರಿಂದ ಜೋರಾಯಿತು. ಆ ವರ್ಷ ನವೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ಹೇಳಿತು: ರೂಪಾಯಿಯ ಹೊಸ ಚಿಹ್ನೆ ಇರುವುದೂ ಸರಿ, ಇಲ್ಲದ್ದೂ ಸರಿ. ಚಿಹ್ನೆಯೇ 2011ರಲ್ಲಿ ನಾಣ್ಯಕ್ಕೆ ಬಂದದ್ದು, ಅದಕ್ಕೂ ಹಿಂದಿನದರಲ್ಲಿ ಎಲ್ಲಿಂದ ಇರಬೇಕು? 2018ರ ಜನವರಿಯಲ್ಲಿ ಮತ್ತೆ ಹೇಳಿತು: ಇಲ್ಲಿಯವರೆಗೆ ಹತ್ತರ ನಾಣ್ಯ 14 ವಿನ್ಯಾಸಗಳಲ್ಲಿ ಬಂದಿದೆ, ಹದಿನಾಲ್ಕೂ ಚಲಾವಣೆಯಲ್ಲಿವೆ. ಇಸವಿಯ ಕೆಳಗೆ ಚುಕ್ಕೆ ಇದ್ದರೆ ನೋಯ್ಡಾ ಟಂಕಸಾಲೆಯದು, ನಕ್ಷತ್ರ ಇದ್ದರೆ ಹೈದರಾಬಾದಿನದು, ವಜ್ರದ ಗುರುತಿದ್ದರೆ ಮುಂಬೈಯದು, ಏನೂ ಇಲ್ಲದಿದ್ದರೆ ಕೋಲ್ಕತ್ತದ್ದು. ಇದನ್ನೂ ಕೆಲವರು ನಕಲಿಯ ಗುರುತು ಅಂತ ಹಬ್ಬಿಸಿದ್ದಾರೆ. 2011ರ ನಾಣ್ಯ ಕಾಯ್ದೆಯ ಪ್ರಕಾರ ಒಂದು ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ನಾಣ್ಯಗಳಲ್ಲಿ ಒಂದು ಸಲಕ್ಕೆ ಸಾವಿರ ರೂಪಾಯಿವರೆಗೆ ಪಾವತಿ ಮಾಡಬಹುದು. ನಾನು ಕೊಟ್ಟದ್ದು ಹತ್ತು.

ಬ್ಯಾಂಕಿಗೆ ಹೋಗಿ ಅಂತೀರಾ? ನೌಕರಿಯ ಕೊನೆಯ ವರ್ಷಗಳಲ್ಲಿ ಸಾಹುಕಾರರ ಪರವಾಗಿ ನಾಣ್ಯದ ಗಂಟು ಹೊತ್ತು ಒಂದು ಶಾಖೆಗೆ ಹೋದೆ. ಎಣಿಸುವವರಿಲ್ಲ, ಸೋಮವಾರ ಬನ್ನಿ ಅಂದರು. ಸೋಮವಾರ ಹೋದರೆ ಇಡಲು ಜಾಗವಿಲ್ಲ ಅಂದರು. ಬ್ಯಾಂಕೇ ಹಾಗಂದ ಮೇಲೆ ಮಂಡಕ್ಕಿ ಅಂಗಡಿಯವರನ್ನು ಬೈಯುವುದು ಯಾವ ನ್ಯಾಯ? ಅವರು ಇಸಿದುಕೊಂಡದ್ದನ್ನು ನಾಳೆ ಮೆಣಸಿನಕಾಯಿ ತರುವಾಗ ಮಂಡಿಯವರು ಇಸಿದುಕೊಳ್ಳಬೇಕಲ್ಲ. ಔಷಧಿ ಅಂಗಡಿಯ ಹುಡುಗನ ಮೇಲೂ ನನಗೆ ಸಿಟ್ಟಿಲ್ಲ. ಅವನು ಅಂಬೇಡ್ಕರರನ್ನು ಬೇಡ ಅಂದದ್ದಲ್ಲ. ಗಲ್ಲಾದ ಲೆಕ್ಕದಲ್ಲಿ ಹತ್ತು ಕಡಿಮೆ ಬಂದರೆ ಅವನ ಸಂಬಳದಿಂದ ಹೋಗುತ್ತದೆ. ಐದು ರೂಪಾಯಿಗೆ ಬತ್ತಾ ಕಳೆದುಕೊಂಡವನಿಗೆ ಇದು ಅರ್ಥವಾಗದೆ ಇರುತ್ತದೆಯೇ?

ನನಗೆ ಸಿಟ್ಟು ಇರುವುದು, ತಪ್ಪು ತಿಳಿಯಬೇಡಿ, ಪತ್ರಿಕೆಗಳ ಮೇಲೆ. ಹೊಸ ನಾಣ್ಯ ಬಂದಾಗಲೆಲ್ಲ ನೀವು ಫೋಟೊ ಹಾಕುತ್ತೀರಿ. ಅದರಲ್ಲಿ ಆರು ಜನ ಗಣ್ಯರು ಸಾಲಾಗಿ ನಿಂತು ಮಖಮಲ್ಲಿನ ಪೆಟ್ಟಿಗೆ ಎತ್ತಿ ಹಿಡಿದಿರುತ್ತಾರೆ. ಬಿಡುಗಡೆ ಮಾಡಿದವರ ಮುಖ ಕಾಣುತ್ತದೆ, ನಾಣ್ಯದ ಮುಖ ಕಾಣುವುದಿಲ್ಲ. 2022ರ ಜೂನ್ 6ರಂದು ಸ್ವಾತಂತ್ರ್ಯದ ಅಮೃತ ಮಹೋತ್ಸವದ ಲಾಂಛನ ಹೊತ್ತ ಒಂದು, ಎರಡು, ಐದು, ಹತ್ತು, ಇಪ್ಪತ್ತು ರೂಪಾಯಿಗಳು ಬಂದವು. ದೃಷ್ಟಿ ಇಲ್ಲದವರಿಗೂ ಗುರುತು ಸಿಗುವಂತೆ ಮಾಡಿದ್ದು ಅಂತ ಅವತ್ತು ಹೇಳಿದ್ದರು. ನನ್ನ ಹಾಡುಗಾರರ ನೆನಪಾಗಿ ಮಾರನೆಯ ದಿನ ಬೆಳಿಗ್ಗೆ ಜಯದೇವ ಸರ್ಕಲ್ಲಿನಲ್ಲಿ ನಿಂತು ಮೂರು ಪತ್ರಿಕೆ ತಿರುವಿದೆ. ಕಾರ್ಯಕ್ರಮದ ಫೋಟೊ ಇತ್ತು. ಇಪ್ಪತ್ತರ ನಾಣ್ಯಕ್ಕೆ ಹನ್ನೆರಡು ಮೂಲೆ ಅಂತ ನನಗೆ ಗೊತ್ತಾದದ್ದು ಸಂತೆಯಲ್ಲಿ ಸೊಪ್ಪು ಮಾರುವ ಅಕ್ಕ ಅದನ್ನು ಬೇಡ ಅಂದಾಗ.

ಹಾಗಾಗಿ ನನ್ನ ಕೋರಿಕೆ ಸಣ್ಣದು. ಯಾವುದೇ ಸ್ಮರಣಾರ್ಥ ನಾಣ್ಯ ಚಲಾವಣೆಗೆ ಬಂದರೆ ಅದರ ಎರಡೂ ಮುಖಗಳನ್ನು ನಿಜವಾದ ಅಳತೆಯಲ್ಲಿ ಒಳ್ಳೆಯ ಕಾಗದದ ಪುರವಣಿಯಲ್ಲಿ ಅಚ್ಚು ಹಾಕಿ. ಕೆಳಗೆ ಎರಡು ಸಾಲು: ಯಾರ ಹೆಸರಿನದು, ಎಷ್ಟು ರೂಪಾಯಿಯದು. ಕತ್ತರಿಸಿ ಗಲ್ಲಾದ ಮೇಲೆ ಅಂಟಿಸುವ ಹಾಗಿರಲಿ. ಹತ್ತರ ಹದಿನಾಲ್ಕನ್ನೂ ಒಮ್ಮೆ ಒಟ್ಟಿಗೆ ಹಾಕಿದರೆ ಔಷಧಿ ಅಂಗಡಿಗೆ ನಾನೇ ಒಯ್ದು ಕೊಡುತ್ತೇನೆ, ಅಂಟು ನನ್ನದೇ. ಅನುಮಾನ ಇದ್ದವರು ರಿಸರ್ವ್ ಬ್ಯಾಂಕಿನ 14440ಕ್ಕೆ ಕರೆ ಮಾಡಬಹುದು ಅಂತಲೂ ಸೇರಿಸಿ.

ಚಿತ್ರಕ್ಕೆ ನಾಣ್ಯ ಬೇಕಾದರೆ ನಿಮ್ಮ ದಾವಣಗೆರೆ ಕಚೇರಿಗೆ ಡಬ್ಬಿ ತರುತ್ತೇನೆ. ಹತ್ತರವು ನನ್ನಲ್ಲಿ ಒಂಬತ್ತು ಬಗೆ ಇವೆ, ಉಳಿದ ಐದು ನೀವು ಹೊಂದಿಸಬೇಕು. ಮಂಗಳವಾರ ಒಂದು ಬಿಟ್ಟು ಯಾವತ್ತಾದರೂ ಆದೀತು, ಮಂಗಳವಾರ ಬಿ.ಪಿ. ತೋರಿಸಲು ಹೋಗುತ್ತೇನೆ. ಎಣಿಸಿ ಕೊಡುತ್ತೇನೆ, ಎಣಿಸಿ ವಾಪಸ್ ತೆಗೆದುಕೊಳ್ಳುತ್ತೇನೆ, ಹಳೆಯ ಅಭ್ಯಾಸ. ಪತ್ರ ಉದ್ದವಾಯಿತು ಅಂತ ಕತ್ತರಿ ಹಾಕುವುದಾದರೆ ರೈಲಿನ ಆನೆಯನ್ನು ಬೇಕಾದರೆ ತೆಗೆಯಿರಿ, ಹೊಲಿಗೆಯ ತಂಗಿಯದನ್ನು ಮಾತ್ರ ತೆಗೆಯಬೇಡಿ.

ಇಂತಿ ನಿಮ್ಮ ಓದುಗ,
ಮಾಜಿ ಖಾಸಗಿ ಬಸ್ ಕಂಡಕ್ಟರ್,
ಕೆ.ಟಿ.ಜೆ. ನಗರ, ದಾವಣಗೆರೆ